ಕೆಂಪು ದಾರದ ಚಪ್ಪಲಿ

ಹೊಳೆ ದಂಡೆಯ ಆಶ್ರಮಕ್ಕೆ ದ್ಯಾಮಣ್ಣ ಮತ್ತೆ ಬಂದ. ಮುಖ ಗಂಟು ಹಾಕಿಕೊಂಡೇ ಬಂದ.

ಕುಡಿತ ಬಿಡಿಸಿ ಅಂತ ಗುರುಗಳ ಕಾಲು ಹಿಡಿದವನು ಅವನು. ಊರವರೆಲ್ಲ ಆ ಗುರುಗಳನ್ನು ಅಜ್ಜಯ್ಯ ಅನ್ನುತ್ತಿದ್ದರು. ಅಜ್ಜಯ್ಯ ಮಂತ್ರ ಕೊಡಲಿಲ್ಲ, ತಾಯಿತ ಕಟ್ಟಲಿಲ್ಲ. "ಕುಡಿತ ಬಿಟ್ಟವರ ಕೂಟ ಸೇರು. ಒಬ್ಬನ ಕೈಲಿ ಆಗೋ ಕೆಲಸ ಅಲ್ಲ ಇದು" ಅಂದಿದ್ದರು.

ಆವತ್ತು ಶುರುವಾಯಿತು ನೋಡಿ ಅವನ ಅಲೆದಾಟ.

"ಮಠದ ಕೂಟ ಆಗಲ್ಲ ಅಜ್ಜಯ್ಯ. ಬರೀ ಭಜನೆ. ತಾಳ ಕುಟ್ಟಿ ಕುಟ್ಟಿ ತಲೆ ಚಿಟ್ಟು ಹಿಡಿಸ್ತಾರೆ."

"ಹೂಂ."

"ಶಾಲೆ ಕೂಟದಲ್ಲಿ ಒಬ್ಬರಾದ ಮೇಲೆ ಒಬ್ಬರು ಅಳ್ತಾರೆ. ಸಾವಿನ ಮನೆ ಥರ."

"ಇವತ್ತು ಎಲ್ಲಿಗೆ ಹೋಗಿದ್ದೆ?"

"ಹಳೇ ಛತ್ರಕ್ಕೆ. ಅಲ್ಲಿ ಗಾಣದ ಕರಿಯಣ್ಣ ಅಂತ ಒಬ್ಬ ಮುದುಕ. ಹೋದಾಗೆಲ್ಲ ಅದೇ ಕಥೆ, ಎತ್ತು ಮಾರಿ ಕುಡಿದದ್ದು. ಕೇಳಿ ಕೇಳಿ ಸಾಕಾಗಿಹೋಯ್ತು."

"ಕಥೆಯ ಕೊನೆಗೆ ಏನಾಗುತ್ತೆ?"

"ಅಯ್ಯೋ, ಕೊನೇತನಕ ಯಾರು ಕೂರ್ತಾರೆ?"

ಅಜ್ಜಯ್ಯ ಅವನ ಹೆಗಲ ಚೀಲ ನೋಡಿದರು. ಒಳಗಿಂದ ಟೈರಿನ ಚಪ್ಪಲಿ ಇಣುಕುತ್ತಿತ್ತು. ಹೆಬ್ಬೆರಳು ತೂರಿಸುವ ಉಂಗುಷ್ಟಕ್ಕೆ ಕೆಂಪು ದಾರದ ಹೊಲಿಗೆ.

"ಚಪ್ಪಲಿ ಬಾಗಿಲಲ್ಲಿ ಬಿಡೋದಲ್ವೇನೋ?"

"ಅಭ್ಯಾಸ ಅಜ್ಜಯ್ಯ."

"ಎಂಥಾ ಅಭ್ಯಾಸ?"

ಅವನು ಚಪ್ಪಲಿ ಹೊರಗೆ ತೆಗೆದು ಕೆಂಪು ದಾರದ ಮೇಲೆ ಬೆರಳಾಡಿಸಿದ.

"ಆ ದಾರ ಆರಿಸಿದ್ದು ನನ್ನ ಮಗಳು ಓಬಮ್ಮ. ಸಂಜೆ ನಾನು ಮನೆಗೆ ಬರದಿದ್ರೆ ಸಾರಾಯಿ ಅಂಗಡಿಗಳ ಬಾಗಿಲಲ್ಲಿ ಇದನ್ನ ಹುಡುಕ್ತಾ ಬರೋಳು. ಸಿಕ್ಕಿದ ತಕ್ಷಣ ಅಲ್ಲೇ ನಿಂತು 'ಅಪ್ಪಾ' ಅಂತ ಕೂಗೋಳು. ಕುಡಿಯೋರೆಲ್ಲ ನಗೋರು. ಅದಕ್ಕೇ ಚೀಲಕ್ಕೆ ಹಾಕ್ಕೊಳ್ಳೋಕೆ ಶುರು ಮಾಡಿದೆ. ಆಮೇಲೆ ಅವಳು ಬಾಗಿಲಿಂದ ಬಾಗಿಲಿಗೆ ಹೋಗೋದನ್ನ ಒಳಗಿಂದ ನೋಡ್ತಿದ್ದೆ. ಲೋಟ ಕೈಲಿ ಹಿಡಿದುಕೊಂಡೇ ನೋಡ್ತಿದ್ದೆ ಅಜ್ಜಯ್ಯ."

ಈಗ ಹುಡುಕುವವರು ಇಲ್ಲ. ಹೆಂಡತಿ ಹನುಮಕ್ಕ ಮಗಳನ್ನು ಕರೆದುಕೊಂಡು ತನ್ನ ಅಣ್ಣನ ಮನೆ ಸೇರಿದ್ದಳು. ಆ ಮನೆ ಇರುವುದು ಛತ್ರದ ಬೀದಿಯಲ್ಲೇ. "ಕುಡಿಯದೆ ಒಂದು ಕಡೆ ನೆಲೆ ನಿಂತಿದ್ದೀಯ ಅನ್ನೋ ಸುದ್ದಿ ಬರಲಿ, ಆಮೇಲೆ ಮಾತು" ಅಂದಿದ್ದಳು. ಹೊತ್ತು ಇಳಿದರೆ ಸಾಕು, ದ್ಯಾಮಣ್ಣನ ಗಂಟಲು ಸಾರಾಯಿ ಕೇಳುತ್ತಿತ್ತು, ಜೀವ ಮಗಳನ್ನು ಕೇಳುತ್ತಿತ್ತು. ಎರಡೂ ಒಟ್ಟೊಟ್ಟಿಗೇ.

ಆ ರಾತ್ರಿ ಆಶ್ರಮದಲ್ಲೇ ಮಲಗಿದ. ಮಾರನೆಯ ದಿನ ಅವನು ಕೂಟಕ್ಕೆ ಹೊರಡುವಾಗ ಅಜ್ಜಯ್ಯ ಕೈ ಚಾಚಿದರು. "ಚಪ್ಪಲಿ ಕೊಡು. ಇವತ್ತು ನಾನು ಹಾಕ್ಕೊಳ್ತೀನಿ."

"ಶಿವಶಿವಾ! ಕುಡುಕನ ಚಪ್ಪಲಿ ಅಜ್ಜಯ್ಯ!"

"ಚಪ್ಪಲೀನೂ ಕುಡೀತಿತ್ತೇನೋ?"

ಕೊಡದೆ ಇನ್ನೇನು ಮಾಡುತ್ತಾನೆ? ಬಿರುಬಿಸಿಲಲ್ಲಿ ಬರಿಗಾಲಲ್ಲಿ ನಡೆದ. ಮಠ ದೂರ, ಶಾಲೆ ಇನ್ನೂ ದೂರ. ಹತ್ತಿರ ಇದ್ದದ್ದು ಛತ್ರ. ಪಾದ ಸುಟ್ಟುಕೊಂಡು ಕುಣಿಯುತ್ತಾ ಒಳಗೆ ನುಗ್ಗಿದ.

ಕರಿಯಣ್ಣ ಆಗಲೇ ಎತ್ತು ಮಾರುತ್ತಿದ್ದ.

ಎದ್ದು ಹೋಗೋಣ ಅಂದರೆ ಅಂಗಳ ಕಾದ ಹೆಂಚು. ದ್ಯಾಮಣ್ಣ ಹಲ್ಲು ಕಚ್ಚಿ ಕೂತ. ಎತ್ತು ಹೋಯಿತು, ಗಾಣ ಹೋಯಿತು, ಒಡಹುಟ್ಟಿದ ತಮ್ಮನೂ ಮಾತು ಬಿಟ್ಟ. ಅಲ್ಲಿಂದ ಮುಂದಿನದು ಅವನು ಕೇಳಿರಲೇ ಇಲ್ಲ.

"ಬಿಟ್ಟು ಎಷ್ಟೋ ವರ್ಷ ಆಯ್ತು" ಅಂದ ಕರಿಯಣ್ಣ. "ಈಗಲೂ ಬೇಕು ಅನ್ಸುತ್ತೆ. ಇಲ್ಲಿ ಕೂತಾಗಲೂ, ಈ ಗಳಿಗೇಲೂ. ಇನ್ಯಾರಿಗೆ ಅನ್ನಿಸ್ತಿದೆ?" ಅಂತ ತಾನೇ ಮೊದಲು ಕೈ ಎತ್ತಿದ.

ಒಂದೊಂದಾಗಿ ಕೈಗಳು ಮೇಲೆದ್ದವು. ನಗುನಗುತ್ತಾ ಕೂತಿದ್ದವರ ಕೈಯೂ ಎದ್ದಿತು. ದ್ಯಾಮಣ್ಣ ಆ ಕೈಗಳನ್ನೇ ನೋಡಿದ. ಈ ಬಯಕೆ ತನ್ನೊಬ್ಬನದೇ ಅಂದುಕೊಂಡು ಎಷ್ಟು ಕಾಲ ನಾಚಿಕೆಯಲ್ಲಿ ಸತ್ತಿದ್ದ! ಅವನೂ ಕೈ ಎತ್ತಿದ.

ಪಕ್ಕದವನು ಮೆಲ್ಲಗೆ ಕೇಳಿದ, "ನಿನ್ನ ಹೆಸರೇನಪ್ಪಾ?"

ಇಷ್ಟು ದಿನ ಯಾವ ಕೂಟದಲ್ಲೂ ಹೆಸರು ಹೇಳುವಷ್ಟು ಹೊತ್ತು ಅವನು ಕೂತಿರಲಿಲ್ಲ. ಹೇಳಿದ.

ಆಶ್ರಮಕ್ಕೆ ಬಂದಾಗ ಹೊತ್ತು ಮುಳುಗುತ್ತಿತ್ತು. ಅಜ್ಜಯ್ಯ ಚಪ್ಪಲಿಯ ಮಣ್ಣು ಒರೆಸುತ್ತಾ ಕೂತಿದ್ದರು.

"ಕಾಲು ಸುಡಲಿಲ್ವಾ?"

"ಹೋಗೋವಾಗ ಸುಟ್ಟಿತು. ಬರೋವಾಗ ನೆಲ ತಣ್ಣಗಾಗಿತ್ತು."

"ಕಥೆಯ ಕೊನೆ ಕೇಳಿದೆಯಾ?"

"ಕೇಳಿದೆ." ಕಣ್ಣು ಒರೆಸಿಕೊಂಡ. "ನಾಳೆಯೂ ಅಲ್ಲಿಗೇ ಹೋಗ್ತೀನಿ. ಆದ್ರೆ ಅಜ್ಜಯ್ಯ, ನಾನು ಅಲ್ಲಿದ್ದೀನಿ ಅಂತ ಹನುಮಕ್ಕನಿಗೆ ಹೇಳೋರ್ಯಾರು? ಆ ಬಾಗಿಲು ತಟ್ಟೋ ಮುಖ ನನಗಿಲ್ಲ."

ಅಜ್ಜಯ್ಯ ಚಪ್ಪಲಿಗಳನ್ನು ಅವನ ಮುಂದೆ ಜೋಡಿಸಿ ಇಟ್ಟರು.

"ಇವತ್ತು ಇದನ್ನ ಮೆಟ್ಟಿಕೊಂಡು ಛತ್ರದ ಬೀದೀಲಿ ಹೋಗ್ತಿದ್ದೆ. ಒಂದು ಹುಡುಗಿ ಬಿಂದಿಗೆ ಕೆಳಗಿಟ್ಟು, ಬೀದಿ ಕೊನೇತನಕ ನನ್ನ ಕಾಲು ನೋಡ್ತಾ ಹಿಂದೆ ಬಂದಳು. ಮುಖ ನೋಡಿದ ಮೇಲೆ ವಾಪಸ್ ಹೋದಳು. ನಾಳೆ ಚಪ್ಪಲಿ ಛತ್ರದ ಬಾಗಿಲಲ್ಲೇ ಬಿಡು."