ಒಂದೇ ಸಾಕೆಟ್ಟು

“ಬುದ್ಧಿ, ಉಪಕಾರ ಮಾಡಿದವರನ್ನು ನೆನೆಯಿರಿ ಎಂದು ದಿನವೂ ಹೇಳುತ್ತೀರಿ. ನಮ್ಮ ಎದುರಿಗೇ ಅಂಗಡಿ ತೆರೆಯುವವನನ್ನೂ ನೆನೆಯಬೇಕೇ?”

ಹೀಗೆ ಕೇಳಿದವನು ಚನ್ನವೀರ, ಮಠದ ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುವ ಶಿಷ್ಯ. ಹೊಸದಾಗಿ ಬಂದ ಗುರುಶಾಂತನೆಂಬ ಇನ್ನೊಬ್ಬ ಶಿಷ್ಯ ಪಕ್ಕದ ಕೋಣೆಯಲ್ಲೇ ಪಾಠ ಶುರುಮಾಡಿದ್ದ. ಅವನು ಕಂಪ್ಯೂಟರ್ ಬಿಚ್ಚಿ ರಿಪೇರಿಯನ್ನೂ ಹೇಳಿಕೊಡುತ್ತಿದ್ದ. ಮಕ್ಕಳೆಲ್ಲ ಅತ್ತ ಓಡುತ್ತಾರೆ, ಅದಕ್ಕಾಗಿ ಈಗ ತಾನೂ ಅದನ್ನೆಲ್ಲ ಕಲಿಸಬೇಕಾಗಿ ಬಂದಿದೆ, ಅವನನ್ನು ಬೇರೆ ಊರಿನ ಶಾಖಾಮಠಕ್ಕೆ ಕಳಿಸಿಬಿಡಿ ಎಂದು ಚನ್ನವೀರ ದೂರಿದ. ಗುರುಗಳು ನಕ್ಕರು. ನಿನ್ನ ವಿದ್ಯೆಯದ್ದೇ ಒಂದು ಕತೆ ಹೇಳುತ್ತೇನೆ, ನಾನು ಎಡವಿದರೆ ತಿದ್ದಪ್ಪ ಎಂದು ಅವನನ್ನು ಕೂರಿಸಿಕೊಂಡರು.

ಒಂದೂರಿನಲ್ಲಿ ಒಬ್ಬ ಯಜಮಾನನಿದ್ದ. ಕಂಪ್ಯೂಟರಿಗೆ ಮಿದುಳಿನಂತಿರುವ ಪ್ರೊಸೆಸರ್ ಮಾಡುವ ಕಾರ್ಖಾನೆ ಅವನದು. ಒಂದೊಂದು ಪ್ರೊಸೆಸರಿನಲ್ಲೂ ನಾಲ್ಕು ಕೋರ್. ದುಡಿಯುವ ನಾಲ್ಕು ಕೈ ಎಂದುಕೋ. ಮೊದಮೊದಲು ಎಷ್ಟೋ ಪ್ರೊಸೆಸರುಗಳಲ್ಲಿ ಎರಡು ಕೋರ್ ಕೆಟ್ಟೇ ಹುಟ್ಟುತ್ತಿದ್ದವು. ಯಜಮಾನ ಅವನ್ನು ಎಸೆಯಲಿಲ್ಲ. ಕೆಟ್ಟ ಎರಡನ್ನು ಮುಚ್ಚಿ, ಉಳಿದೆರಡರಿಂದ ನಡೆಯುವಂತೆ ಮಾಡಿ, ಅಗ್ಗಕ್ಕೆ ಮಾರಿದ. ಕೈಯಲ್ಲಿ ಕಾಸಿಲ್ಲದವರ ಮನೆಗೂ ಕಂಪ್ಯೂಟರ್ ಬಂತು. ಅಲ್ಲಿಯವರೆಗೆ ಅವನದು ಪುಣ್ಯದ ಕೆಲಸವೇ.

ಬರುಬರುತ್ತ ಕಾರ್ಖಾನೆಯವರ ಕೈ ಪಳಗಿತು. ಹುಟ್ಟಿದ್ದೆಲ್ಲ ನಾಲ್ಕೂ ಕೋರ್ ನೆಟ್ಟಗಿರುವ ಮಾಲು. ಆದರೆ ಅಗ್ಗದ್ದನ್ನು ಕೇಳುವವರೇ ಹೆಚ್ಚು. ಎಲ್ಲವನ್ನೂ ಅಗ್ಗಕ್ಕೆ ಕೊಟ್ಟರೆ ದುಬಾರಿಯದ್ದನ್ನು ಯಾರು ಕೊಳ್ಳುತ್ತಾರೆ? ಯಜಮಾನ ಒಳ್ಳೆಯ ಕೋರುಗಳನ್ನೇ ಮುಚ್ಚತೊಡಗಿದ. ಮೊದಲ ಸಲ ಮನಸ್ಸು ಚುರ್ ಎಂದಿತು. ಆಮೇಲೆ ಅದೂ ಇಲ್ಲ. ಅಭ್ಯಾಸ ಎನ್ನುವುದೇ ಹಾಗೆ ನೋಡು.

ಆಗ ಪಕ್ಕದೂರಿನಲ್ಲಿ ಇನ್ನೊಬ್ಬ ಸಣ್ಣ ಕಾರ್ಖಾನೆ ಇಟ್ಟ. ಕಂಪ್ಯೂಟರಿನ ಬೋರ್ಡಿನ ಮೇಲೆ ಪ್ರೊಸೆಸರ್ ಕೂರುವ ಗೂಡಿರುತ್ತದಲ್ಲ, ಸಾಕೆಟ್ಟು, ಅವನ ಪ್ರೊಸೆಸರೂ ಯಜಮಾನನ ಸಾಕೆಟ್ಟಿನಲ್ಲೇ ಕೂರುತ್ತಿತ್ತು. ಬೋರ್ಡು ಬದಲಿಸಬೇಕಿಲ್ಲ, ಇದನ್ನು ತೆಗೆದು ಅದನ್ನು ಕೂರಿಸಿದರಾಯಿತು. ಬೆಲೆ ಯಜಮಾನನ ಅಗ್ಗದ ಮಾಲಿನಷ್ಟೇ, ಕೋರು ಮಾತ್ರ ನಾಲ್ಕಕ್ಕೆ ನಾಲ್ಕೂ ತೆರೆದಿದ್ದವು. ಗಿರಾಕಿಗಳು ಅತ್ತ ತಿರುಗಿದರು. ಯಜಮಾನನಿಗೆ ಹೊಟ್ಟೆ ಉರಿಯಿತು. ಅವನ ಮನೆ ಹಾಳಾಗ ಎಂದು ಬಾಯಿಗೆ ಬಂದಂತೆ ಬೈದ. ಬೈದರೆ ಮಾಲು ಖರ್ಚಾಗುತ್ತದೆಯೇ? ಬೇರೆ ದಾರಿ ಕಾಣದೆ ತಾನೂ ನಾಲ್ಕನ್ನೂ ತೆರೆದು ಅದೇ ಬೆಲೆಗೆ ಕೊಟ್ಟ.

ಒಂದು ದಿನ ಅವನು ಅಂಧ ಮಕ್ಕಳ ಶಾಲೆಯೊಂದಕ್ಕೆ ಹೋಗಬೇಕಾಯಿತು. ಅಲ್ಲಿನ ಕಂಪ್ಯೂಟರುಗಳು ಮಕ್ಕಳಿಗೆ ಪಾಠವನ್ನು ಓದಿ ಹೇಳುತ್ತವೆ. ಮೊದಲು ಸಾಲುಸಾಲಿಗೂ ತಡವರಿಸಿ ನಿಲ್ಲುತ್ತಿದ್ದವು, ಈಗ ಸರಾಗ. ಶಾಲೆ ನಡೆಸುವ ತಾಯಿ ಕೈಮುಗಿದು, ನಿಮ್ಮ ಹೊಸ ಪ್ರೊಸೆಸರಿನಿಂದ ನಮ್ಮ ಮಕ್ಕಳು ಓದುವಂತಾಯಿತು, ನಿಮ್ಮ ಹೊಟ್ಟೆ ತಣ್ಣಗಿರಲಿ ಎಂದರು. ಯಜಮಾನನ ಕಣ್ಣು ತುಂಬಿತು. ಹೊಸದೇನು ಬಂತು? ಅದು ಮೊದಲೂ ಇತ್ತು, ತಾನೇ ಮುಚ್ಚಿದ್ದ. ತೆರೆಸಿದವನು ಪಕ್ಕದೂರಿನವನು. ಅಂದಿನಿಂದ ದೇವರ ಮುಂದೆ ನಿಂತಾಗಲೆಲ್ಲ ತಾನು ಬೈದವನನ್ನೇ ಮೊದಲು ನೆನೆದು, ಅವನು ಚೆನ್ನಾಗಿರಲಿ ಎಂದ.

ಹೀಗಿರುವಾಗ ಪಕ್ಕದೂರಿನವನು ಒಂದು ಎಡವಟ್ಟು ಮಾಡಿಕೊಂಡ. ಇನ್ನೂ ಸಿದ್ಧವಾಗದ ಹೊಸ ಮಾದರಿಯನ್ನು ಬರುತ್ತಿದೆ, ಬರುತ್ತಿದೆ ಎಂದು ಊರೆಲ್ಲ ಸಾರಿಬಿಟ್ಟ. ಹೊಸದು ಬರುವಾಗ ಹಳೆಯದೇಕೆ ಎಂದು ಜನ ಕೊಳ್ಳುವುದನ್ನೇ ನಿಲ್ಲಿಸಿದರು. ಅಷ್ಟರಲ್ಲಿ ಹೊಸದರಲ್ಲೊಂದು ದೋಷ ಕಂಡು ಅದೂ ತಡವಾಯಿತು. ಹಳೆಯದು ಹೋಗದು, ಹೊಸದು ಬಾರದು. ಪಾಪ, ಅವನ ಕಾರ್ಖಾನೆಯ ಕೆಲಸ ನಿಂತೇ ಹೋಯಿತು.

ಯಜಮಾನನೂ ಆಗ ಹೊಸ ಮಾದರಿ ತರುವುದರಲ್ಲಿದ್ದ. ಅವನ ಮ್ಯಾನೇಜರ್ ಓಡಿಬಂದು, ಇದೇ ಸಮಯ, ನಮ್ಮ ಹೊಸದಕ್ಕೆ ಸಾಕೆಟ್ಟನ್ನೇ ಬದಲಿಸೋಣ ಎಂದ. ಬೋರ್ಡು ಮಾಡುವವರು ನಮ್ಮ ಸಾಕೆಟ್ಟನ್ನೇ ಇಡುತ್ತಾರೆ. ಅವನ ಹೊಸದು ಬಂದರೂ ಕೂರಲು ಜಾಗವಿರುವುದಿಲ್ಲ, ಪೀಡೆ ತೊಲಗುತ್ತದೆ ಎಂದ. ಮಾತು ಸುಳ್ಳಲ್ಲ. ಯಜಮಾನ ಹೂಂ ಎಂದಿದ್ದರೆ ಸಾಕು, ಆ ಕಾರ್ಖಾನೆಗೆ ಬೀಗ ಬೀಳುತ್ತಿತ್ತು.

ಯಜಮಾನನಿಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು. ಕೊನೆಗೆ, “ಸಾಕೆಟ್ಟು ಇದ್ದ ಹಾಗೇ ಇರಲಿ. ಅವನ ಹೊಸದೂ ಬಂದು ಅದರಲ್ಲೇ ಕೂರಲಿ” ಎಂದ.

ಮುಂದಿನ ವರ್ಷ ಅದು ಬಂತು, ಕೂತಿತು. ಯಜಮಾನ ಮತ್ತೆ ಬೆವರು ಸುರಿಸಿ ಇನ್ನೂ ಒಳ್ಳೆಯದನ್ನು ಮಾಡಬೇಕಾಯಿತು.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರ ತಲೆದೂಗಿದ.

“ಎಂಥ ದೊಡ್ಡ ಮನಸ್ಸು ಬುದ್ಧಿ ಆ ಯಜಮಾನನದು. ನಮ್ಮಂಥವರಿಗೆ ಅದು ಎಲ್ಲಿಂದ ಬರಬೇಕು?”

“ದೊಡ್ಡ ಮನಸ್ಸೇನೂ ಇಲ್ಲಪ್ಪ, ಪಕ್ಕದವನು ಹೋದ ಮರುದಿನವೇ ತನ್ನ ಕೈ ಮತ್ತೆ ಒಳ್ಳೆಯ ಕೋರುಗಳನ್ನು ಮುಚ್ಚಲು ಶುರುಮಾಡುತ್ತದೆ ಎಂಬುದು ಅವನಿಗೆ ಗೊತ್ತಿತ್ತು.”