ಖಾಲಿ ತೋಟಾ ಬಿದ್ದ ಜಾಗ

“ಗುರುಗಳೇ, ಕಠಿಣವಾದ ವಿದ್ಯೆ ಕಲಿಯಲು ಹೊರಟವನು ಏನೇನು ಸಿದ್ಧ ಮಾಡಿಕೊಂಡು ಹೋಗಬೇಕು?” ಎಂದು ರಾಚಯ್ಯ ಕೇಳಿದ.

ಮರುದಿನ ಅವನು ಮಠ ಬಿಟ್ಟು ದೂರದ ಊರಿನ ಪಂಡಿತರೊಬ್ಬರ ಬಳಿ ವ್ಯಾಕರಣ ಓದಲು ಹೊರಡುವವನಿದ್ದ. ಆ ಪಂಡಿತರ ಪಾಠವೆಂದರೆ ಮುಂಜಾನೆ ಕೂತವರು ದೀಪ ಹಚ್ಚುವತನಕ ಏಳುವಂತಿಲ್ಲ. ಅಲ್ಲಿಗೆ ಹೋಗಿ ಅರ್ಧಕ್ಕೇ ಗಂಟುಮೂಟೆ ಕಟ್ಟಿಕೊಂಡು ಬಂದವರೇ ಹೆಚ್ಚು. ರಾಚಯ್ಯ ಸೂತ್ರಗಳನ್ನು ಬಾಯಿಪಾಠ ಮಾಡಿದ್ದ. ನಸುಕಿನಲ್ಲಿ ಏಳುವ ರೂಢಿ ಮಾಡಿಕೊಂಡಿದ್ದ. ಒಪ್ಪೊತ್ತು ಉಂಡು ಇರುವುದನ್ನೂ ಕಲಿತಿದ್ದ. ಆದರೂ ಇನ್ನೂ ಏನೋ ಬಿಟ್ಟುಹೋಗಿದೆ ಎಂದೇ ಅವನಿಗೆ ಅನಿಸುತ್ತಿತ್ತು.

ಗುರುಗಳು ಅವನ ಗಂಟನ್ನೊಮ್ಮೆ, ಅವನನ್ನೊಮ್ಮೆ ನೋಡಿದರು. “ಕೂತುಕೋ” ಎಂದು ಒಂದು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಬಳೆಗಾರ್ತಿ ಇದ್ದಳು. ಒಂದು ದಿನ ನಡುಪೇಟೆಯಲ್ಲಿ ಹಾಡಹಗಲೇ ಒಂದು ಕೊಲೆ ನಡೆಯಿತು. ಪೇಟೆಗೆ ಪೇಟೆಯೇ ಅಲ್ಲಿತ್ತು. ಆದರೆ ವಿಚಾರಣೆಯ ಹೊತ್ತಿಗೆ ಎಲ್ಲರೂ ಆ ಗಳಿಗೆಯಲ್ಲಿ ಬೇರೆಲ್ಲೋ ನೋಡುತ್ತಿದ್ದವರೇ ಆಗಿಬಿಟ್ಟರು. ಕಂಡೆ ಎಂದವಳು ಬಳೆಗಾರ್ತಿ ಒಬ್ಬಳೇ. ಕೊಂದವರ ಕಡೆಯವರು ಅವಳ ಓಣಿಯಲ್ಲೇ ಮೀಸೆ ತಿರುವುತ್ತ ಓಡಾಡತೊಡಗಿದರು. ಅವಳು ಬಾಗಿಲು ಹಾಕಿಕೊಂಡು ಒಳಗೆ ಕೂತಳು.

ಅವಳ ಮನೆಗೆ ಕಾವಲಾಗಿ ಠಾಣೆಯಿಂದ ಒಬ್ಬ ಹೆಣ್ಣು ಪೇದೆಯನ್ನು ಹಾಕಿದರು. ಪೇದೆ ಹೊರಗೆ ಕಟ್ಟೆಯ ಮೇಲೆ, ಬಳೆಗಾರ್ತಿ ಕಿಟಕಿಯ ಒಳಗೆ. ನಡುವೆ ಚಹಾದ ಲೋಟ ಹೋಗುತ್ತಿತ್ತು, ಬರುತ್ತಿತ್ತು. ಹೀಗೇ ಇಬ್ಬರಿಗೂ ಬಳಕೆಯಾಯಿತು. ಮನೆಯವರನ್ನೂ ನಂಬದೆ ಕೂತಿದ್ದ ಬಳೆಗಾರ್ತಿ ಆ ಪೇದೆಯನ್ನು ನಂಬಿದಳು.

ಅಷ್ಟರಲ್ಲಿ ಮೇಲಿನಿಂದ ಒಂದು ಆಜ್ಞೆ ಬಂತು. ಸಾಕ್ಷಿಯನ್ನು ಕೋರ್ಟಿಗೆ ಕರೆದೊಯ್ಯುವವರ ಸೊಂಟದಲ್ಲಿ ಪಿಸ್ತೂಲು ಇರಬೇಕು. ಪಿಸ್ತೂಲು ಕಟ್ಟುವವರು ಅದರ ಕಠಿಣ ತರಬೇತಿಯಲ್ಲಿ ಪಾಸಾಗಿರಬೇಕು. ಆಗದಿದ್ದರೆ ಆ ಕೆಲಸಕ್ಕೆ ಬೇರೆ ಪೇದೆ ಬರುತ್ತಾರೆ.

ಸುದ್ದಿ ಕೇಳಿದ ಬಳೆಗಾರ್ತಿ ಕಿಟಕಿಯಿಂದಲೇ ಹೇಳಿದಳು: “ನೀ ಕರಕೊಂಡು ಹೋದ್ರ ನಾ ಕೋರ್ಟಿಗೆ ಬರ್ತೀನವ್ವ. ನೀ ಇಲ್ಲಂದ್ರ ನಾನೂ ಏನೂ ಕಂಡೇ ಇಲ್ಲ.”

ಪೇದೆಗೆ ಅಂದಿನಿಂದ ಅನ್ನ ರುಚಿಸಲಿಲ್ಲ. ತಾನು ನಪಾಸಾದರೆ ಹೋಗುವುದು ತನ್ನ ಮಾನ ಒಂದೇ ಅಲ್ಲ. ಸತ್ತವನ ಪಾಲಿನ ನ್ಯಾಯವೂ ಹೋಗುತ್ತದೆ. ಅವಳು ಪಿಸ್ತೂಲನ್ನು ಮೊದಲೇ ಬಲ್ಲವಳು. ವರ್ಷಕ್ಕೊಮ್ಮೆ ಠಾಣೆಯವರೆಲ್ಲ ಗುಡ್ಡದ ಬುಡಕ್ಕೆ ಹೋಗಿ ಗುಂಡು ಹಾರಿಸಿ ಬರುತ್ತಿದ್ದರು. ಆದರೆ ಆ ಶಾಸ್ತ್ರ ಮುಗಿಸುವುದು ಬೇರೆ, ಈ ತರಬೇತಿ ಬೇರೆ ಎಂಬುದು ಅವಳಿಗೆ ಗೊತ್ತಿತ್ತು.

ಯುದ್ಧಕಾಲೇ ಶಸ್ತ್ರಾಭ್ಯಾಸ ಎನ್ನುತ್ತಾರಲ್ಲ, ಆ ಮಾತು ಅವಳಿಗೆ ಸಲ್ಲದು. ಆಜ್ಞೆ ಬಂದ ಮರುದಿನದಿಂದಲೇ ಅವಳು ತಯಾರಿಗೆ ನಿಂತಳು. ತೋಳು ನಡುಗಬಾರದೆಂದು ತುಂಬಿದ ತಂಬಿಗೆಯನ್ನು ಕೈ ಚಾಚಿ ಹಿಡಿದು ನಿಲ್ಲುತ್ತಿದ್ದಳು. ಠಾಣೆಯ ಗಂಡಸರು, ಕೋರ್ಟಿಗೆ ಪಿಸ್ತೂಲು ಒಯ್ಯುತ್ತೀಯೋ ನೀರು ಒಯ್ಯುತ್ತೀಯೋ ಎಂದು ನಗೆಯಾಡಿದರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಬೆಲ್ಟಿನ ಬಿರುಸು ಹೋಗಲೆಂದು ಎಣ್ಣೆ ಹಚ್ಚಿ ಮೆದು ಮಾಡಿದಳು. ಹವಾಲ್ದಾರರ ಎದುರಿಗೆ ಪಿಸ್ತೂಲನ್ನು ಬರಿದು ಮಾಡಿ ತೋರಿಸಿ, ಗೋಡೆಯ ಮೇಲೊಂದು ಚುಕ್ಕೆ ಇಟ್ಟು, ಕುದುರೆ ಒತ್ತುವುದನ್ನು ಅಭ್ಯಾಸ ಮಾಡಿದಳು. ಕುದುರೆ ಎಂದರೆ ಬೆರಳಿನಿಂದ ಎಳೆಯುವ ಕೊಂಡಿ. ಹಿಡಿತ, ನಿಲುವು, ಉಸಿರು, ಯಾವುದನ್ನೂ ಬಿಡಲಿಲ್ಲ. ಅಷ್ಟು ತಯಾರಿ ಮಾಡಿಕೊಂಡು ಆ ತರಬೇತಿಗೆ ಹೋದವರು ಬೇರೊಬ್ಬರಿರಲಾರರು.

ಇನ್ನೊಂದು ಮಾತು ಹೇಳಬೇಕು. ಪಿಸ್ತೂಲಿನಿಂದ ಗುಂಡು ಹಾರಿದೊಡನೆ ಅದರ ಹಿತ್ತಾಳೆಯ ಕವಚ ಬಲಗಡೆಗೆ ಸಿಡಿದು ಬೀಳುತ್ತದೆ. ಅದೇ ಖಾಲಿ ತೋಟಾ. ಹಾರಿಸಿದ ಪ್ರತಿಯೊಂದು ಗುಂಡಿನ ಖಾಲಿ ತೋಟಾವನ್ನೂ ಠಾಣೆಗೆ ಮರಳಿ ಒಪ್ಪಿಸಬೇಕು. ಒಂದು ಸಿಗದಿದ್ದರೂ ಎಲ್ಲರೂ ಬಿಸಿಲಲ್ಲಿ ಮಂಡಿಯೂರಿ ಹುಲ್ಲು ಕೆದರಬೇಕು, ಸಿಗುವತನಕ ಊಟವಿಲ್ಲ. ಗುರಿ ತಪ್ಪಿದವನನ್ನು ಅಲ್ಲಿ ಯಾರೂ ಏನೂ ಕೇಳುವುದಿಲ್ಲ. ತೋಟಾ ಕಳೆದವನನ್ನು ಮಾತ್ರ ವಿಚಾರಣೆಗೆ ನಿಲ್ಲಿಸುತ್ತಾರೆ. ಹಾಗಾಗಿ ಆ ಠಾಣೆಯಲ್ಲಿ ಒಂದು ಮಾತೇ ಹುಟ್ಟಿಕೊಂಡಿತ್ತು: ಗುಂಡು ಎಲ್ಲಿಗಾದರೂ ಹೋಗಲಿ, ತೋಟಾ ಕೈಗೆ ಬರಲಿ. ಈ ಪೇದೆಯ ತೋಟಾ ಒಮ್ಮೆಯೂ ಕಳೆದದ್ದಿಲ್ಲ. ಅದರಲ್ಲಿ ಅವಳು ಹೆಸರಾದವಳು.

ತರಬೇತಿ ಕೊಡುವವರನ್ನು ಎಲ್ಲರೂ ಉಸ್ತಾದರು ಎನ್ನುತ್ತಿದ್ದರು. ವಯಸ್ಸಾದವರು. ಮಾತಿನಲ್ಲಿ ಜಿಪುಣರು, ಬೈಗುಳದಲ್ಲೂ ಜಿಪುಣರು. ಪೇದೆಯ ನಿಲುವು ನೋಡಿದರು, ಹಿಡಿತ ನೋಡಿದರು, ತಲೆಯಾಡಿಸಿ ಮುಂದೆ ಹೋದರು. ಅವಳ ಜೀವಕ್ಕೆ ಹಾಯೆನಿಸಿತು.

ಠಾಣೆಯಲ್ಲಿ ಒಂದು ಗುಂಡು ಹಾರಿಸಿ, ಸುಧಾರಿಸಿಕೊಂಡು, ಆಮೇಲೆ ಇನ್ನೊಂದು ಹಾರಿಸುವ ರೂಢಿ. ಇಲ್ಲಿ ಹಾಗಲ್ಲ. ಸೀಟಿ ಊದಿದೊಡನೆ ಪಿಸ್ತೂಲು ಸೊಂಟದಿಂದ ಬರಬೇಕು, ಒಂದೇ ಉಸಿರಿನಲ್ಲಿ ಮೂರು ಗುಂಡು ಹೋಗಬೇಕು, ಮೂರೂ ಗುರಿಯ ಹಲಗೆಯ ನಡುವೆ ಬೀಳಬೇಕು. ಸೀಟಿ ಕೂಗಿತು. ಪೇದೆಯ ಮೊದಲ ಗುಂಡು ನಟ್ಟನಡುವೆ ಬಿತ್ತು. ಎರಡನೆಯದು ಬಲಕ್ಕೆ ಸರಿಯಿತು. ಮೂರನೆಯದು ಹಲಗೆಯನ್ನೇ ಮುಟ್ಟಲಿಲ್ಲ.

ಮರುದಿನವೂ ಅದೇ. ಅದರ ಮರುದಿನವೂ ಅದೇ. ತೋಳಿನಲ್ಲಿ ಕಸುವು ಸಾಲದು ಎಂದುಕೊಂಡು ಅವಳು ಊಟದ ಬಿಡುವಿನಲ್ಲೂ ತಂಬಿಗೆ ಹಿಡಿದು ನಿಂತಳು. ಹಿಡಿತ ಸಡಿಲವಾಗಿದೆ ಎಂದುಕೊಂಡು ಬೆರಳು ಬೆಳ್ಳಗಾಗುವಷ್ಟು ಬಿಗಿ ಹಿಡಿದಳು. ಗುಂಡು ಮತ್ತಷ್ಟು ಬಲಕ್ಕೆ ಹೋಯಿತು. ಪಿಸ್ತೂಲಿನ ತಲೆ ಯಾವುದು ಬಾಲ ಯಾವುದು ಎಂದು ತಿಳಿಯದೆ ಬಂದಿದ್ದ ಒಬ್ಬ ಹುಂಬ ಅಷ್ಟರಲ್ಲಿ ಮೂರಕ್ಕೆ ಮೂರೂ ಹೊಡೆಯತೊಡಗಿದ. ಪೇದೆಗೆ ಅಳು ಬಂತು, ಹೊಟ್ಟೆಕಿಚ್ಚೂ ಬಂತು. ಎರಡನ್ನೂ ನುಂಗಿಕೊಂಡಳು. ಬಳೆಗಾರ್ತಿಯ ಮಾತನ್ನು ಮಾತ್ರ ನುಂಗಲಾಗಲಿಲ್ಲ.

ಉಸ್ತಾದರು ಒಂದು ದಿನ ಅವಳ ಪಕ್ಕಕ್ಕೆ ಬಂದು ನಿಂತರು. ಎಲ್ಲರೂ ಹಲಗೆಯನ್ನು ನೋಡಿದರೆ ಅವರು ಅವಳ ಮುಖವನ್ನು ನೋಡಿದರು. ಸೀಟಿ ಊದಿದರು. ಮೂರು ಗುಂಡು ಹೋದವು.

“ತಂಗಿ, ಗುಂಡು ಹಾರಿದ ಮ್ಯಾಲ ನಿನ್ನ ಕಣ್ಣು ಎಲ್ಲಿರ್ತೈತಿ?”

“ಗುರಿ ಮ್ಯಾಲ ಇರ್ತೈತ್ರಿ, ಉಸ್ತಾದ್ರ.”

“ಹಂಗಾರ ಹೇಳು. ಕಡೀ ಗುಂಡು ಎಲ್ಲಿ ಹೋತು?”

ಅವಳು ಹಲಗೆಯತ್ತ ನೋಡಿದಳು. ಎಲ್ಲಿ ಹೋಯಿತೋ ಅವಳಿಗೆ ಗೊತ್ತಿರಲಿಲ್ಲ.

“ಹೋಗ್ಲಿ ಬಿಡು. ತೋಟಾ ಎಲ್ಲೆಲ್ಲಿ ಬಿದ್ದಾವು?”

“ಒಂದು ಆ ಕರಿಕಿ ಹುಲ್ಲಿನ ಬುಡಕ್ಕ ಐತ್ರಿ. ಒಂದು ನಿಮ್ಮ ಬೂಟಿನ ಹಿಂದ. ಇನ್ನೊಂದು ಕಲ್ಲಿಗೆ ಬಡದು ಆಕಡೆ ಉರುಳಿ…”

ಹೇಳುತ್ತ ಹೇಳುತ್ತ ಅವಳ ಮಾತು ನಿಂತಿತು. ಉಸ್ತಾದರು ತಿರುಗಿ ನೋಡಿದರು. ಮೂರೂ ಅವಳು ಹೇಳಿದ ಜಾಗದಲ್ಲೇ ಇದ್ದವು.

ಗುಂಡು ಹಾರಿದೊಡನೆ ಅವಳ ಕಣ್ಣು ತೋಟಾದ ಬೆನ್ನು ಹತ್ತುತ್ತಿತ್ತು. ಕಣ್ಣಿನ ಹಿಂದೆ ಕತ್ತು ತಿರುಗುತ್ತಿತ್ತು, ಕತ್ತಿನ ಹಿಂದೆ ಭುಜ, ಭುಜದ ಹಿಂದೆ ಕೈ. ಠಾಣೆಯಲ್ಲಿ ಸುಧಾರಿಸಿಕೊಳ್ಳಲು ಹೊತ್ತು ಸಿಗುತ್ತಿದ್ದುದರಿಂದ ಅಲ್ಲಿ ಇದು ಯಾರಿಗೂ ಕಂಡಿರಲಿಲ್ಲ. ಬರಿದಾದ ಪಿಸ್ತೂಲು ಹಿಡಿದು ಗೋಡೆಯ ಎದುರು ನಿಂತಾಗಲೂ ಅವಳು ಪ್ರತಿ ಸಲ ಬಲಗಡೆಯ ನೆಲವನ್ನು ನೋಡುತ್ತಿದ್ದಳು. ಅಲ್ಲಿ ಬೀಳುವುದಕ್ಕೆ ಏನೂ ಇರಲಿಲ್ಲ. ಅಷ್ಟು ದಿನದ ತಯಾರಿಯಲ್ಲಿ ಅವಳು ತಪ್ಪನ್ನೂ ಒಪ್ಪವಾಗಿ ಪಳಗಿಸಿದ್ದಳು.

“ಅವನ್ನ ಆರಿಸಾಕ ಇಲ್ಲಿ ಬ್ಯಾರೆ ಮಂದಿ ಅದಾರ” ಎಂದು ಉಸ್ತಾದರು ಮುಂದಿನವನ ಬಳಿಗೆ ಹೋದರು.

ಹೇಳಿದಷ್ಟು ಸುಲಭವೇ ಅದು? ಬಲಗಣ್ಣಿನ ಅಂಚಿನಲ್ಲಿ ಹಿತ್ತಾಳೆ ಫಳಕ್ಕೆಂದರೆ ಸಾಕು, ಕೊರಳಿಗೆ ಹಗ್ಗ ಹಾಕಿ ಎಳೆದಂತೆ ಆಗುತ್ತಿತ್ತು. ನೋಡಬಾರದು ಎಂದುಕೊಂಡಾಗಲೇ ನೋಡಿರುತ್ತಿದ್ದಳು. ಕೊನೆಗೆ ಅವಳು ತಂಬಿಗೆ ಕೆಳಗಿಟ್ಟಳು. ಬರಿದಾದ ಪಿಸ್ತೂಲು ಹಿಡಿದು, ಕುದುರೆ ಒತ್ತಿ, ಉಸಿರು ಪೂರಾ ಹೊರಹೋಗುವತನಕ ಚುಕ್ಕೆಯನ್ನೇ ನೋಡುತ್ತ ನಿಲ್ಲುವುದನ್ನು ಕಲಿತಳು. ಜೊತೆಯವರು, ಇವಳು ನಿಂತಲ್ಲೇ ನಿದ್ದೆ ಹೋಗುತ್ತಾಳೆ ಎಂದರು. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆ ಇದೆ. ಆದರೆ ಇದು ಹುಟ್ಟುಗುಣವಲ್ಲ, ಕಲಿತ ಗುಣ. ಕಲಿತದ್ದನ್ನು ಬಿಡಬಹುದು. ಕಲಿಯುವುದಕ್ಕಿಂತ ತುಸು ಹೆಚ್ಚು ಕಷ್ಟ, ಅಷ್ಟೆ. ದಿನ ಕಳೆದಂತೆ ಎರಡನೆಯ ಗುಂಡು ಹಲಗೆಯ ನಡುವಿಗೆ ಬಂತು. ಮೂರನೆಯದು ಒಮ್ಮೆ ಬರುತ್ತಿತ್ತು, ಒಮ್ಮೆ ಇಲ್ಲ.

ಪರೀಕ್ಷೆಯ ದಿನ ಅವಳು ಬಳೆಗಾರ್ತಿಯನ್ನು ನೆನೆದಳು. ಆಮೇಲೆ ಅದನ್ನೂ ಬದಿಗಿಟ್ಟಳು. ಸೀಟಿ ಕೂಗಿತು. ಮೂರು ಗುಂಡು. ಮತ್ತೆ ಸೀಟಿ, ಮತ್ತೆ ಮೂರು. ಎಲ್ಲ ಮುಗಿದು ಪಿಸ್ತೂಲು ಬರಿದಾದ ಮೇಲೂ ಅವಳು ಗುರಿಯನ್ನೇ ನೋಡುತ್ತ ನಿಂತಿದ್ದಳು. ಉಸ್ತಾದರು ಹಲಗೆಯ ಹತ್ತಿರ ಹೋಗಿ ನೋಡಿ ಬಂದು, ಸಾಕು ಇಳಿಸು ಎಂದರು.

ತೋಟಾ ಆರಿಸುವವರು ಬಂದರು. ಒಂದು ಕಡಿಮೆ ಬಿತ್ತು. ಹುಲ್ಲು ಕೆದರಿದರು, ಕಲ್ಲು ಸರಿಸಿದರು, ಸಿಗಲಿಲ್ಲ. ಎಲ್ಲರೂ ಪೇದೆಯ ಕಡೆಗೆ ತಿರುಗಿದರು. ಇಂಥದರಲ್ಲಿ ಅವಳ ಹೆಸರು ಅಲ್ಲಿಗೂ ಮುಟ್ಟಿತ್ತು.

“ನನಗ ಗೊತ್ತಿಲ್ರಿ” ಎಂದಳು ಪೇದೆ.

ಜನ್ಮದಲ್ಲೇ ಮೊದಲ ಸಲ ಅವಳು ಆ ಮಾತು ಹೇಳಿದ್ದು. ಪಕ್ಕದಲ್ಲಿದ್ದ ಹೆಣ್ಣುಮಗಳು ಅವಳ ಅಂಗಿಯ ಕಾಲರಿನೊಳಗೆ ಬೆರಳು ಹಾಕಿ ತೋಟಾ ಹೊರತೆಗೆದಳು. ಅದು ಸಿಡಿದಾಗ ಕಾದದ್ದು ಕಾದಂತೆಯೇ ಅಲ್ಲಿಗೆ ಬಿದ್ದಿತ್ತು. ಕುತ್ತಿಗೆಯ ಮೇಲೆ ಕೆಂಪಗೆ ಬೊಬ್ಬೆ ಎದ್ದಿತ್ತು. ಅದನ್ನು ಮುಟ್ಟಿ ನೋಡಿಕೊಂಡ ಮೇಲೆಯೇ ಅವಳಿಗೆ ಉರಿ ಹತ್ತಿದ್ದು. ಉಸ್ತಾದರು ನಕ್ಕರು. ಅವರು ನಕ್ಕದ್ದನ್ನು ಅಲ್ಲಿದ್ದವರು ಅಂದೇ ಕಂಡದ್ದು.

ಪೇದೆ ಪಾಸಾಗಿ, ಸೊಂಟಕ್ಕೆ ಪಿಸ್ತೂಲು ಕಟ್ಟಿಕೊಂಡು ಊರಿಗೆ ಬಂದಳು. ಬಳೆಗಾರ್ತಿ ಬಾಗಿಲು ತೆರೆದಳು, ಚಪ್ಪಲಿ ಮೆಟ್ಟಿದಳು, ಅವಳ ಪಕ್ಕದಲ್ಲಿ ನಡೆದಳು. ಓಣಿಯಲ್ಲಿ ಮೀಸೆಯವರು ನಿಂತಿದ್ದರು. ಪೇದೆ ಅವರ ಮೇಲಿಟ್ಟ ಕಣ್ಣನ್ನು ತೆಗೆಯಲಿಲ್ಲ. ಪಿಸ್ತೂಲನ್ನು ಮುಟ್ಟುವ ಪ್ರಸಂಗವೇ ಬರಲಿಲ್ಲ. ಮೀಸೆಯವರು ತಾವೇ ದಾರಿ ಬಿಟ್ಟರು. ಕೋರ್ಟಿನಲ್ಲಿ ಬಳೆಗಾರ್ತಿ ಕಂಡದ್ದನ್ನು ಕಂಡಂತೆ ಹೇಳಿದಳು.

ಗುರುಗಳು ಕತೆ ನಿಲ್ಲಿಸಿದರು. ರಾಚಯ್ಯನ ಮುಖ ಅರಳಿತ್ತು. ಪೇದೆ ಗೆದ್ದದ್ದು ಅವನಿಗೆ ತಾನೇ ಗೆದ್ದಷ್ಟು ಸಂತೋಷ ತಂದಿತ್ತು. ಆದರೂ ಅವನು ಲೆಕ್ಕ ಬಿಡುವವನಲ್ಲ.

“ಹಾಗಾದರೆ ಗುರುಗಳೇ, ನನ್ನ ತಯಾರಿಯಲ್ಲಿ ಇನ್ನೂ ಏನು ಸೇರಿಸಿಕೊಳ್ಳಲಿ?”

“ಸೇರಿಸುವುದು ಏನೂ ಇಲ್ಲ ರಾಚಯ್ಯ, ಪಾಠ ಒಪ್ಪಿಸಿದ ಕೂಡಲೇ ಸರಿಯಾಯಿತೇ ಎಂದು ನನ್ನ ಮುಖ ನೋಡುತ್ತೀಯಲ್ಲ, ಅದನ್ನು ಇಲ್ಲೇ ಬಿಟ್ಟು ಹೋಗು.”

ಗುರುಗಳ ಮುಖದತ್ತ ಎತ್ತಬೇಕೆಂದಿದ್ದ ಕಣ್ಣನ್ನು ಎತ್ತದೆ ರಾಚಯ್ಯ ತನ್ನ ಗಂಟನ್ನು ಹತ್ತಿರಕ್ಕೆ ಎಳೆದುಕೊಂಡ.