ಮಗ್ಗದ ಮೇಲೆ ಬಿಟ್ಟ ಗೇಣು ನೂಲು

ಒಂದು ಊರಿನ ನೇಕಾರರ ಓಣಿಯಲ್ಲಿ ಅಂದಾನೆಪ್ಪ ಎಂಬ ಮುದುಕನೂ ಅವನ ಶಿಷ್ಯ ಮುರಿಗೆಪ್ಪನೂ ಅಕ್ಕಪಕ್ಕದ ಮನೆಗಳಲ್ಲಿ ಸೀರೆ ನೇಯುತ್ತಿದ್ದರು. ಶಿಷ್ಯನ ಕೈ ಗುರುವಿನ ಕೈಗಿಂತ ಚುರುಕು. ಶನಿವಾರ, ನೂಲು ಕೊಟ್ಟು ನೇಯಿಸುವ ಸಾಹುಕಾರ ವಾರದ ಕೂಲಿ ಬಟವಾಡೆ ಮಾಡುವಾಗ ಶಿಷ್ಯನಿಗೇ ಹೆಚ್ಚು ಹಣ ಸಿಗುತ್ತಿತ್ತು.

ಆದರೆ ಬಾಗಿಲು ಬಡಿದ ಸದ್ದಿಗೆ ಬೆಚ್ಚಿಬೀಳುತ್ತಿದ್ದವನೂ ಅವನೇ. ಬಟವಾಡೆಯ ದಿನ ಅವನು ರಾಜ. ಗೆಳೆಯರಿಗೆಲ್ಲ ಮಿರ್ಚಿ, ಮಂಡಕ್ಕಿ, ಚಹಾ. ಕಣ್ಣಿಗೆ ಬಿದ್ದ ಅಂಗಿ, ಕೈಗೆ ಸಿಕ್ಕ ಗಡಿಯಾರ, ಎಲ್ಲವೂ ಬೇಕು. ಬುಧವಾರ ಬಂತೆಂದರೆ ಹೆಂಡತಿ ಪಾರವ್ವ ಹಿಟ್ಟಿನ ಡಬ್ಬಿಯ ತಳ ಕೆರೆಯುತ್ತಿದ್ದಳು. ಅವನು ಸಾಲ ಕೊಟ್ಟ ಅಂಗಡಿಯವನ ಕಣ್ಣು ತಪ್ಪಿಸಿ ಹಿಂದಿನ ಸಂದಿಯಲ್ಲಿ ಓಡಾಡುತ್ತಿದ್ದ.

“ಕಾಕಾ, ನನಗಿಂತ ಕಡಿಮಿ ದುಡೀತೀರಿ. ಆದ್ರೂ ಹೆಂಗ ಇಷ್ಟ ನಿಶ್ಚಿಂತಿಯಿಂದ ಇರ್ತೀರಿ?” ಎಂದು ಒಮ್ಮೆ ಗುರುವನ್ನು ಕೇಳಿದ.

“ಬಟವಾಡಿ ದಿನ ಮನಿ ಹೊಸ್ತಿಲ ದಾಟೂದಕ್ಕಿಂತ ಮೊದಲ ಒಂದಿಷ್ಟು ತಗದಿಡ್ತೀನಿ. ಉಳಿದದ್ದರಾಗ ಸಂಸಾರ. ಅಷ್ಟ ತಮ್ಮಾ.”

ಮುರಿಗೆಪ್ಪ ನಕ್ಕುಬಿಟ್ಟ. “ಮುಂದಿನ ಶನಿವಾರ ಬಂದ ಬರ್ತೈತಲ್ರಿ!”

ಶನಿವಾರವೇನೋ ಬರುತ್ತದೆ. ಆದರೆ ಕಷ್ಟ ಶನಿವಾರಕ್ಕೆ ಕಾಯುವುದಿಲ್ಲ. ಒಂದು ಗುರುವಾರ ಬೆಳಿಗ್ಗೆ ತುಂಬು ಗರ್ಭಿಣಿ ಪಾರವ್ವನಿಗೆ ಹೊಟ್ಟೆನೋವು ಶುರುವಾಯಿತು. ಸೂಲಗಿತ್ತಿ ನೋಡಿ, ಕೂಸು ಅಡ್ಡಲಾಗಿದೆ, ಕೂಡಲೇ ಪಟ್ಟಣದ ಆಸ್ಪತ್ರೆಗೆ ಒಯ್ಯಿರಿ ಎಂದಳು. ಗಾಡಿ ಬಾಡಿಗೆಗೂ ಮನೆಯಲ್ಲಿ ಕಾಸಿರಲಿಲ್ಲ. ಗುರುವಿನ ಮನೆ ಪಕ್ಕದಲ್ಲೇ ಇತ್ತು. ಆದರೆ ಅಂದು ನಕ್ಕವನಿಗೆ ಇಂದು ಕೈಚಾಚಲು ನಾಚಿಕೆಯಾಯಿತು. ಮಗ್ಗದ ಮೇಲೆ ಕೊನೆಯ ಸೀರೆ ಮುಗಿಯುತ್ತ ಬಂದಿತ್ತು. ಹಾಸಿನ, ಅಂದರೆ ಉದ್ದೆಳೆಯ, ನೂಲು ಗಿಡ್ಡವಾಗಿ ಸೀರೆಗೆ ಒಂದು ಗೇಣು ಸಾಲದಾಗಿತ್ತು. ತುಂಡು ಸೀರೆಗೆ ಸಾಹುಕಾರ ಅರ್ಧ ಕೂಲಿಯನ್ನೂ ಕೊಡುವುದಿಲ್ಲ.

ನೇಕಾರರು ಹಾಸನ್ನು ಎಂದೂ ಕೊನೆಯವರೆಗೆ ನೇಯುವುದಿಲ್ಲ. ಮಗ್ಗದ ಹಣಿಗೆಯಲ್ಲಿ, ಅಂದರೆ ಎಳೆಗಳು ತೂರುವ ಬಾಚಣಿಗೆಯಲ್ಲಿ, ಒಂದು ಗೇಣು ಹಳೆಯ ನೂಲನ್ನು ಹಾಗೇ ಬಿಡುತ್ತಾರೆ. ಹೊಸ ಹಾಸಿನ ಎಳೆಗಳನ್ನು ಆ ತುದಿಗಳಿಗೆ ಗಂಟುಹಾಕಿ ಎಳೆದರೆ ಕೆಲಸ ಮುಂದೆ ಸಾಗುತ್ತದೆ. ಅದನ್ನೂ ನೇಯ್ದು ಕತ್ತರಿಸಿದರೆ ಹಣಿಗೆ ಬರಿದು. ಆಮೇಲೆ ಸಾವಿರಾರು ಎಳೆಗಳನ್ನು ಒಂದೊಂದಾಗಿ ಹೊಸದಾಗಿ ಪೋಣಿಸಬೇಕು. ಮುರಿಗೆಪ್ಪನಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಒಳಗೆ ಹೆಂಡತಿ ನರಳುತ್ತಿದ್ದಳು. ಅವನು ಕಣ್ಣೊರೆಸಿಕೊಳ್ಳುತ್ತ ಆ ಗೇಣನ್ನೂ ನೇಯ್ದು, ಕತ್ತರಿಸಿ, ಸಾಹುಕಾರನಲ್ಲಿಗೆ ಓಡಿದ.

ಸೀರೆ ಕೊಟ್ಟು ಕೂಡಲೇ ಕೂಲಿ ಪಡೆದು ಪಾರವ್ವನನ್ನು ಆಸ್ಪತ್ರೆಗೆ ಒಯ್ದ. ದೇವರು ದೊಡ್ಡವನು, ತಾಯಿ ಮಗು ಉಳಿದರು. ಆದರೆ ಬಾಣಂತಿಗೆ ತುಪ್ಪ, ಔಷಧಿ ಬೇಕಾದ ಹೊತ್ತಿಗೇ ಮಗ್ಗ ನಿಂತಿತ್ತು. ಎಳೆ ಪೋಣಿಸಲು ಎದುರಿಗೊಬ್ಬರು ಕೂತು ಎಳೆ ಕೊಡಬೇಕು. ಅದು ಪಾರವ್ವನ ಕೆಲಸ, ಅವಳು ಹಾಸಿಗೆಯಲ್ಲಿದ್ದಳು.

ಅಂದಾನೆಪ್ಪ ತಾನಾಗಿಯೇ ಬಂದು ಮಗ್ಗದ ಆಚೆ ಬದಿ ಕೂತ. ಒಂದೊಂದೇ ಎಳೆ ಎತ್ತಿ ಕೊಡತೊಡಗಿದ. ಮುರಿಗೆಪ್ಪ ತಲೆತಗ್ಗಿಸಿ ಹೇಳಿದ: “ತಪ್ಪಾತ್ರಿ ಕಾಕಾ. ಗೇಣು ನೂಲು ಬಿಡಬೇಕಿತ್ತು.”

“ಅವತ್ತು ಕತ್ತರಿಸಿದ್ದು ತಪ್ಪಲ್ಲೋ ತಮ್ಮಾ. ಹೆಂಡತಿ ಜೀವಕ್ಕಿಂತ ನೂಲು ಹೆಚ್ಚೇನು?” ಎಂದ ಮುದುಕ. “ನೀ ಪ್ರತಿ ಶನಿವಾರ ಕತ್ತರಿಸಿದಿ ನೋಡು, ಅದು ತಪ್ಪು. ಮಗ್ಗದ ಮ್ಯಾಲೆ ಗೇಣು ನೂಲು ಬಿಡಾಕ ಕಲಿಸಿದೆ, ಕಲತಿ. ಕೂಲ್ಯಾಗ ಬಿಡಲಿಲ್ಲ. ಈ ವಾರದ್ದು ಒಂದಿಷ್ಟು ಉಳಿದ್ರ ಅಲ್ಲೇನು ಮುಂದಿನ ವಾರಕ್ಕ ಗಂಟು ಹಾಕೂದು?”

ಮುರಿಗೆಪ್ಪ ಮುಂದಿನ ಎಳೆಯನ್ನು ಹಣಿಗೆಗೆ ಪೋಣಿಸಿದ.

ಮುಂದಿನ ಬಟವಾಡೆಯಿಂದ ಅವನು ಹೊಸ್ತಿಲಾಚೆ ನಿಂತೇ ಸ್ವಲ್ಪ ಹಣ ಎಣಿಸಿ ಪಾರವ್ವನ ಕೈಗೆ ಕೊಡತೊಡಗಿದ. ಅವಳು ಅದನ್ನು ಹಳೆಯ ಹಾಸಿನ ಎಳೆಯಿಂದ ಸುತ್ತಿ ಗೋಡೆಯ ಗೂಡಿನಲ್ಲಿಡುತ್ತಿದ್ದಳು. ಗೆಳೆಯರು ಜುಗ್ಗನೆಂದು ಅಣಕಿಸಿದರು. ಅವನಿಗೂ ಮೊದಮೊದಲು ಸಂಕಟವೇ ಆಯಿತು. ಕ್ರಮೇಣ ಹಿಂದಿನ ಸಂದಿ ಬಿಟ್ಟು ಮುಂದಿನ ಬೀದಿಯಲ್ಲೇ ನಡೆದಾಡಿದ.

ಮರುವರ್ಷ ನೂಲು ಬರುವುದು ನಿಂತು ಓಣಿಯ ಮಗ್ಗಗಳೆಲ್ಲ ಸುಮ್ಮನಾದವು. ಸಾಹುಕಾರ ಮನೆಮನೆಗೆ ಬಂದ. ಈಗ ಮುಂಗಡ ಕೊಡುತ್ತೇನೆ, ಆದರೆ ವರ್ಷವಿಡೀ ಅರ್ಧ ಕೂಲಿಗೆ ನೇಯಬೇಕು ಎಂದ. ಬಹಳ ಜನ ಬೇರೆ ದಾರಿಯಿಲ್ಲದೆ ಒಪ್ಪಿದರು. ಮುರಿಗೆಪ್ಪನ ಬಾಗಿಲೂ ಬಡಿದ ಸದ್ದಾಯಿತು. ಅವನು ಬೆಚ್ಚಲಿಲ್ಲ. ಮಗುವನ್ನು ಹೆಗಲಿಗೆ ಹಾಕಿಕೊಂಡು ತಾನೇ ಹೋಗಿ ಬಾಗಿಲು ತೆಗೆದ. ಗೂಡಿನಲ್ಲಿದ್ದದ್ದು ದೊಡ್ಡ ಗಂಟೇನಲ್ಲ, ನೂಲು ಬರುವತನಕ ರೊಟ್ಟಿಗೆ ಸಾಲುವಷ್ಟು.

“ಬ್ಯಾಡ್ರಿ ಸಾಹುಕಾರ್ರ” ಎಂದ. ಆ ಮಾತನ್ನು ಅವನು ಜೀವನದಲ್ಲಿ ಮೊದಲ ಸಲ ಆಡಿದ್ದ.

ನೀತಿ: ಬಂದ ಹಣವನ್ನು ಕೊನೆಯ ಕಾಸಿನವರೆಗೂ ಖರ್ಚು ಮಾಡಬೇಡಿ. ಕೈಗೆ ಬಂದ ಕೂಡಲೇ, ಸ್ವಲ್ಪವೇ ಆಗಲಿ, ಮೊದಲು ತೆಗೆದಿಡಿ. ಅದು ನಿಮ್ಮನ್ನು ಶ್ರೀಮಂತರನ್ನಾಗಿ ಮಾಡಲಿಕ್ಕಿಲ್ಲ. ಆದರೆ ಬೇಡವೆನ್ನಬೇಕಾದ ಕಡೆ ಬೇಡವೆನ್ನುವ ಧೈರ್ಯ ಕೊಡುತ್ತದೆ, ಮನಸ್ಸಿನ ನೆಮ್ಮದಿ ಅಲ್ಲಿಂದಲೇ ಶುರುವಾಗುತ್ತದೆ.